ಸಭೆ ಎಂದರೆ ಯಾರು?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಗ್ರಾಮ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಇಂದು ಒಂದೇ ಶಬ್ದದ ಬಗ್ಗೆ ಮಾತನಾಡುವವನಿದ್ದೇನೆ. ಆ ಶಬ್ದ ‘ಸಭೆ’. ‘ಸಭಾ ಕರದಾರ’, ‘ಸಭಾ ಮುಗೀತು’ ಎಂದು ನಾವು ದಿನಾಲು ಅನ್ನುತ್ತೇವೆ. ಯಾರೋ ಕರೆಯುವುದು, ನಾವು ಹೋಗಿ ಕೇಳಿ ಬರುವುದು ಎಂದೇ ನಮ್ಮ ತಿಳುವಳಿಕೆ. ಇದು ಅರ್ಧ ಅರ್ಥ ಮಾತ್ರ.

ಋಗ್ವೇದದಲ್ಲಿಯೇ ಈ ಶಬ್ದವಿದೆ. ಕೂಡುವ ಜನಕ್ಕೂ ಕೂಡುವ ಸ್ಥಳಕ್ಕೂ ಅದೇ ಹೆಸರು. ಸಭೆಗೆ ಯೋಗ್ಯನಾದವನು ‘ಸಭ್ಯ’. ಆದರೆ ಯೋಗ್ಯರು ಯಾರು? ಜಗಳವಿರುವುದು ಇಲ್ಲಿಯೇ. ಹಿಂದೆ ಚಾವಡಿ ಕಟ್ಟೆಯ ಮೇಲೆ ಹೊಲಮನೆಯುಳ್ಳ ಹಿರಿಯರು ಕೂಡ್ರುತ್ತಿದ್ದರು. ಕೇರಿಯವರು ಕೆಳಗೆ ಕೈಕಟ್ಟಿ ನಿಲ್ಲಬೇಕಿತ್ತು. ಹೆಣ್ಣುಮಕ್ಕಳಿಗಂತೂ ಅಲ್ಲಿ ಜಾಗವೇ ಇರಲಿಲ್ಲ. ಅದೂ ಸಭೆಯೆನಿಸಿಕೊಂಡಿತ್ತು!

1993ರ ಏಪ್ರಿಲ್ 24ರಂದು ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದಿತು. ಅದರ ಪ್ರಕಾರ ಗ್ರಾಮಸಭೆಯೆಂದರೆ ಒಂದು ದಿನದ ಕೂಟವಲ್ಲ. ಮತದಾರರ ಯಾದಿಯಲ್ಲಿ ಹೆಸರಿದ್ದ ಎಲ್ಲರೂ ಸೇರಿ ಗ್ರಾಮಸಭೆ. ವಿಧಾನಸಭೆಯಲ್ಲಿ ನಾವು ಆರಿಸಿದವರು ಕೂಡ್ರುತ್ತಾರೆ. ಗ್ರಾಮಸಭೆಯಲ್ಲಿ ಕೂಡ್ರುವವರು ನಾವೇ. ಸೊಲ್ಲಾಪುರ, ಪುಣೆಗಳ ಕಡೆ ದುಡಿಯಲು ಹೋದವನೂ, ಕಸ ತೆಗೆಯಲು ಹೋಗುವ ಕೂಲಿ ಹೆಣ್ಣುಮಗಳೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ನಮ್ಮ ರಾಜ್ಯದ ಕಾಯಿದೆಯೂ ಹೇಳುತ್ತದೆ. ಮನೆಯಿಲ್ಲದವರಲ್ಲಿ ಯಾರಿಗೆ ಮನೆ ಸಿಗಬೇಕೆಂಬ ಯಾದಿ ಈ ಸಭೆಯ ಮುಂದೆಯೇ ಬರಬೇಕು.

ಆದರೆ ನಡೆಯುವುದೇನು? ಒಂದೂರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಸಹಿ ಪುಸ್ತಕ ಮನೆ ಮನೆಗೆ ಬಂತು. ಒಬ್ಬ ಮುದುಕಿ ಹೆಬ್ಬೆಟ್ಟು ಒತ್ತಿ, “ಯಾತಕ್ಕೋ ತಮ್ಮಾ ಇದು?” ಎಂದಳು. “ಸಭಾ ಆತಬೇ ಯವ್ವಾ,” ಎಂದ ಪುಸ್ತಕ ಹಿಡಿದವ. ಆಕೆಯ ಗುಡಿಸಲು ಸೋರುತ್ತಿತ್ತು. ಮನೆಗಳ ಯಾದಿ ಆ ಪುಸ್ತಕದಲ್ಲಿಯೇ ಇತ್ತು. ಅದರಲ್ಲಿ ಆಕೆಯ ಹೆಸರಿರಲಿಲ್ಲ. ಇದು ಸಭೆಯೇ? ಸಭೆಯ ಹೆಸರಿನಲ್ಲಿ ಸಭೆಯ ಕಳವು!

ಆದ್ದರಿಂದ ಊರಿಗೆ ಹೋದ ಮೇಲೆ ಮೂರು ಕೆಲಸ ಮಾಡಿರಿ. ಸಭೆಯ ದಿನವನ್ನು ಕೇರಿ ಕೇರಿಗೆ ಡಂಗುರ ಸಾರಿಸಿರಿ. ಹಿಂದಿನ ಠರಾವುಗಳನ್ನು ಓದಿ ಹೇಳಲು ಕೇಳಿರಿ. ಠರಾವು ಬರೆದು ಓದುವ ಮೊದಲು ಸಹಿ ಹಾಕಬೇಡಿರಿ. ನಾಲ್ಕು ಜನರ ಮುಂದೆ ಎದ್ದು ನಿಂತರೆ ಕಾಲು ನಡುಗೀತು. ಅದಕ್ಕೆ ‘ಸಭಾಕಂಪ’ವೆಂಬ ಹೆಸರೂ ಉಂಟು. ನಡುಗುತ್ತಲೇ ಮಾತನಾಡಿರಿ. ನಾಳೆ ಯಾರಾದರೂ “ಸಭಾಕ್ಕ ಬರ್ರಿ” ಎಂದರೆ, “ಸಭಾ ಅಂದ್ರ ನಾವೇ, ನೀವು ಲೆಕ್ಕ ತೊಗೊಂಡು ಬರ್ರಿ” ಎನ್ನಿರಿ.