ಇಂಗ್ಲಿಷಿನ ಸಣ್ಣ ಪದಗಳು ಮತ್ತು ನಮ್ಮ ಮಕ್ಕಳು

(ಕೊಪ್ಪಳದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಇಂದು ಕೈಹಾಕುವುದಿಲ್ಲ. ಆ ಚರ್ಚೆ ಈ ರಾಜ್ಯದಲ್ಲಿ ಸಾಕಷ್ಟು ನಡೆದಿದೆ. 1994ರ ಭಾಷಾ ನೀತಿಯ ಆದೇಶ ಬಂತು. ಅದರ ಮೇಲಿನ ವ್ಯಾಜ್ಯ 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಮುಗಿಯಿತು. ಈ ನಡುವೆ 2007ರಲ್ಲಿ ಸರಕಾರಿ ಶಾಲೆಯ ಒಂದನೆಯ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದವು. ಎಲ್ಲರೂ ಮಾಧ್ಯಮದ ಬಗ್ಗೆಯೇ ವಾದಿಸಿದರು. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಗುವೂ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಮಗುವೂ ಎಡವುವ ಸ್ಥಳ ಒಂದೇ ಆಗಿದೆ. ಅದು ಇನ್, ಆನ್, ಅಟ್, ಅಪ್, ಆಫ್, ಔಟ್, ಟು, ಬೈ ಎಂಬ ಎರಡು ಮೂರು ಅಕ್ಷರಗಳ ಪದಗಳ ಹೊಸ್ತಿಲು.

ಇದು ಕೇವಲ ವ್ಯಾಕರಣದ ಸಂಗತಿಯೆಂದು ತಳ್ಳಿಹಾಕಬೇಡಿ. ಒಬ್ಬ ಯುವಕನಿಗೆ ನೌಕರಿಯ ಪತ್ರ ಬರುತ್ತದೆ. ಅದರಲ್ಲಿ ಅವನ ಆಯ್ಕೆ ದಾಖಲೆಗಳ ಪರಿಶೀಲನೆಗೆ 'ಸಬ್ಜೆಕ್ಟ್ ಟು' ಎಂದಿರುತ್ತದೆ. ಸಬ್ಜೆಕ್ಟ್ ಎಂದರೆ ಶಾಲೆಯ ವಿಷಯ ಎಂದಷ್ಟೇ ಬಲ್ಲವನು ಆ ಎರಡು ಪದಗಳನ್ನು ಹಾರಿಸಿ, 'ಆಯ್ಕೆ' ಎಂಬುದನ್ನು ಮಾತ್ರ ಓದುತ್ತಾನೆ. ವಾಸ್ತವದಲ್ಲಿ ಆಯ್ಕೆ ಇನ್ನೂ ಪೂರ್ಣವಾಗಿಲ್ಲ, ಅದು ಷರತ್ತಿಗೆ ಒಳಪಟ್ಟಿದೆ ಎಂದು ಆ ಪದಗಳೇ ಹೇಳುತ್ತಿರುತ್ತವೆ. ಅಷ್ಟರಲ್ಲಿ ಮನೆಯವರು ಸಾಲ ಮಾಡಿ ಪ್ರಯಾಣದ ಸಿದ್ಧತೆ ನಡೆಸಿದ್ದರೆ ಆ ನಷ್ಟವನ್ನು ಭರಿಸುವವರಾರು? ವಿದ್ಯಾರ್ಥಿವೇತನದ ಪ್ರಕಟಣೆಯಲ್ಲಿ 'ಆನ್ ಆರ್ ಬಿಫೋರ್' ಮಾರ್ಚ್ 31 ಎಂದಿದ್ದರೆ ಆ ದಿನವೂ ಸೇರುತ್ತದೆ. ಬರೀ 'ಬಿಫೋರ್' ಎಂದಿದ್ದರೆ ಸೇರುವುದಿಲ್ಲ. ಗಲ್ಫ್ ದೇಶಕ್ಕೆ ಹೊರಟವನ ಕರಾರಿನಲ್ಲಿ 'ಲೇ ಆಫ್' ಎಂಬ ಮಾತಿದ್ದರೆ, ಲೇ ಎಂದರೆ ಇಡು, ಆಫ್ ಎಂದರೆ ಆರಿಸು ಎಂದು ಕೂಡಿಸಿ ಅರ್ಥ ಮಾಡಲಾದೀತೇ? ಅದರ ಅರ್ಥ ಕೆಲಸದಿಂದ ತೆಗೆಯುವುದು!

ಇಂಗ್ಲಿಷಿಗೆ ಈ ಸ್ವಭಾವ ಏಕೆ ಬಂತು? ಅದರ ಹಿಂದೆ ರಾಜಕೀಯದ ಪಾತ್ರವೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅರಮನೆ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್ ನೆಲೆಯೂರಿತು. ಹೊಲದಲ್ಲಿ, ಅಡುಗೆಮನೆಯಲ್ಲಿ ಜನ ತಮ್ಮ ಹಳೆಯ ಗಿಡ್ಡ ಕ್ರಿಯಾಪದಗಳನ್ನೇ ಆಡುತ್ತಿದ್ದರು. ಆದ್ದರಿಂದ ಇಂದಿಗೂ ಆ ಭಾಷೆಯಲ್ಲಿ ಒಂದೇ ಕೆಲಸಕ್ಕೆ ಎರಡು ಮಾತು. ಪತ್ರದಲ್ಲಿ 'ಪೋಸ್ಟ್‌ಪೋನ್', ಬಾಯಲ್ಲಿ 'ಪುಟ್ ಆಫ್'. ಪತ್ರದಲ್ಲಿ 'ಟಾಲರೇಟ್', ಬಾಯಲ್ಲಿ 'ಪುಟ್ ಅಪ್ ವಿತ್'. ನಮ್ಮ ಮಕ್ಕಳು ಗೈಡುಗಳಿಂದ ಮೊದಲನೆಯದನ್ನು ಕಂಠಪಾಠ ಮಾಡುತ್ತಾರೆ. ಸಂದರ್ಶನದಲ್ಲಿ ಎದುರಿನವರು ಎರಡನೆಯದನ್ನು ಆಡುತ್ತಾರೆ.

ಈ ಅನುಭವ ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಕೊಪ್ಪಳ ಸಾಲಾರ್ ಜಂಗರ ಜಾಗೀರಾಗಿತ್ತು. ನಿಜಾಮ್ ಸಂಸ್ಥಾನದ ಕಚೇರಿಯಲ್ಲಿ ಉರ್ದು, ಹೊಲದಲ್ಲಿ ಕನ್ನಡ. ಅರ್ಜಿ, ಜಪ್ತಿ, ಜಾಮೀನು, ವಕೀಲ, ತಾಲೂಕು ಇವೆಲ್ಲ ಇಂದು ಕನ್ನಡದ ಪದಗಳೇ ಆಗಿವೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನೇ ಉರ್ದುವಿನಲ್ಲಿ ನೀಡಿತು. ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿಯೂ ಇರಿಸಿತು. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅಜ್ಜ ಉರ್ದುವಿನಲ್ಲಿ ಅರ್ಜಿ ಬರೆದ, ತಂದೆ ಕನ್ನಡದಲ್ಲಿ ಬರೆದ, ಮಗ ಇಂಗ್ಲಿಷಿನಲ್ಲಿ ಫಾರ್ಮ್ ತುಂಬುತ್ತಿದ್ದಾನೆ. ಮೂರು ತಲೆಮಾರು, ಮೂರು ಭಾಷೆ. ಹಿಂದುಳಿದಿರುವಿಕೆಗೆ ಧರ್ಮವನ್ನೋ ಮನೆಯ ವಾತಾವರಣವನ್ನೋ ಹೊಣೆಮಾಡುವ ವಿಶ್ಲೇಷಕರು ಈ ಲೆಕ್ಕವನ್ನು ಯಾಕೆ ಹಿಡಿಯುವುದಿಲ್ಲವೋ!

ಆದರೆ ನಮ್ಮ ಮಕ್ಕಳಲ್ಲಿರುವ ಬಂಡವಾಳ ಸಣ್ಣದಲ್ಲ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಕನ್ನಡದಲ್ಲಿ 'ಕೈ' ಎಂಬ ಒಂದೇ ಪದವನ್ನು ನೋಡಿ. ಕೈಹಿಡಿದ ಎಂದರೆ ಆಸರೆಯಾದ, ಕೈಬಿಟ್ಟ ಎಂದರೆ ತೊರೆದ, ಕೈಕೊಟ್ಟ ಎಂದರೆ ವಂಚಿಸಿದ, ಕೈಗೂಡಿತು ಎಂದರೆ ಫಲಿಸಿತು. ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನ ಮಗನಿಗೂ ಇದನ್ನು ಯಾರೂ ಪಟ್ಟಿ ಮಾಡಿ ಕಲಿಸಿಲ್ಲ. ಹಾಗಿದ್ದರೆ 'ಲುಕ್ ಫಾರ್' ಎಂದರೆ ಹುಡುಕು, 'ಲುಕ್ ಆಫ್ಟರ್' ಎಂದರೆ ಪಾಲಿಸು, 'ಲುಕ್ ಡೌನ್ ಆನ್' ಎಂದರೆ ಕೀಳಾಗಿ ಕಾಣು ಎಂಬುದು ಅವನಿಗೆ ವಿಚಿತ್ರವಾಗಿ ತೋರಬೇಕಾಗಿಲ್ಲ.

ಮದ್ರಸದ ವಿದ್ಯಾರ್ಥಿಗಳಿಗಂತೂ ಇದು ಇನ್ನೂ ಸುಲಭ. ಅರಬಿಯಲ್ಲಿ 'ರಗಿಬ ಫೀ' ಎಂದರೆ ಬಯಸಿದ. 'ರಗಿಬ ಅನ್' ಎಂದರೆ ವಿಮುಖನಾದ. ಕ್ರಿಯಾಪದ ಒಂದೇ, ಸಣ್ಣ ಅವ್ಯಯ ಬದಲಾದೊಡನೆ ಅರ್ಥ ತಿರುಗಿ ನಿಲ್ಲುತ್ತದೆ. ಸೂರಃ ಅನ್ನಿಸಾದ 127ನೇ ಸೂಕ್ತದಲ್ಲಿ ಅನಾಥ ಹೆಣ್ಣುಮಕ್ಕಳ ವಿವಾಹದ ಪ್ರಸ್ತಾಪ ಬಂದಾಗ ಈ ಕ್ರಿಯಾಪದದ ಜೊತೆ ಅವ್ಯಯ ವ್ಯಕ್ತವಾಗಿ ಇಲ್ಲ. ಆದ್ದರಿಂದಲೇ ವ್ಯಾಖ್ಯಾನಕಾರರು ಬಯಸುವುದು, ಬಯಸದಿರುವುದು ಎಂಬ ಎರಡೂ ಅರ್ಥಗಳನ್ನು ಚರ್ಚಿಸಿದ್ದಾರೆ. ಇಂತಹ ಸೂಕ್ಷ್ಮವನ್ನು ಬಲ್ಲ ಆಲಿಮರು ಇಂಗ್ಲಿಷಿನ 'ಟರ್ನ್ ಟು', 'ಟರ್ನ್ ಫ್ರಮ್'ಗಳ ಮುಂದೆ ಸಂಕೋಚಪಡುವ ಅಗತ್ಯವೇನಿದೆ?

ಹಾಗೆಂದು ಮನೆಮಾತುಗಳು ಸದಾ ಸರಿದಾರಿಯನ್ನೇ ತೋರುತ್ತವೆ ಎಂದಲ್ಲ. 'ಎರಡು ಗಂಟೆಯಿಂದ ಕಾಯುತ್ತಿದ್ದೇನೆ' ಎಂದರೆ ಎರಡು ಘಂಟೆಗಳ ಕಾಲವೂ ಆಗಬಹುದು, ಗಡಿಯಾರದ ಎರಡು ಘಂಟೆಯಿಂದಲೂ ಆಗಬಹುದು. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ: ಅವಧಿಗೆ 'ಫಾರ್', ಆರಂಭದ ಹೊತ್ತಿಗೆ 'ಸಿನ್ಸ್'. ಉರ್ದುವಿನ 'ಸೇ' ಕೂಡ ಕನ್ನಡದ ಜೊತೆಗೇ ನಿಲ್ಲುವುದರಿಂದ ನಮ್ಮ ಭಾಗದ ಮಕ್ಕಳೆಲ್ಲರೂ 'ಸಿನ್ಸ್ ಟೂ ಅವರ್ಸ್' ಎನ್ನುತ್ತಾರೆ. ಹೆದರಿಕೆಯ ವಿಷಯದಲ್ಲಿ ಮೂರೂ ಭಾಷೆಗಳು ಬೇರೆ ಬೇರೆ. ಕನ್ನಡಿಗ ನಾಯಿ'ಗೆ' ಹೆದರುತ್ತಾನೆ, ಉರ್ದುವಿನವನು ಕುತ್ತೇ 'ಸೇ' ಡರತಾನೆ, ಇಂಗ್ಲಿಷಿನವನು 'ಆಫ್' ಎನ್ನುತ್ತಾನೆ. ನಾಯಿ ಮಾತ್ರ ಎಲ್ಲರನ್ನೂ ಸಮಾನವಾಗಿ ಬೆನ್ನಟ್ಟುತ್ತದೆ.

ನುಡಿಗಟ್ಟುಗಳಲ್ಲಿ ಇನ್ನೂ ಎಚ್ಚರ ಬೇಕು. ಉರ್ದುವಿನಲ್ಲಿ 'ಹಾಥ್ ಧೋ ಬೈಠ್ನಾ' ಎಂದರೆ ಇದ್ದುದನ್ನು ಕಳೆದುಕೊಳ್ಳುವುದು. ಕನ್ನಡದಲ್ಲಿ ಕೈತೊಳೆದುಕೊಂಡ ಎಂದರೆ ಹೊಣೆಯಿಂದ ಜಾರಿಕೊಂಡ. ಇಂಗ್ಲಿಷಿನಲ್ಲಿಯೂ ಕೈತೊಳೆಯುವ ಮಾತಿದೆ, ಆದರೆ ಅದು ಕನ್ನಡದ ಕಡೆಗಿದೆ, ಉರ್ದುವಿನ ಕಡೆಗಿಲ್ಲ.

ಈಗ ತಾಯಂದಿರ ಕುರಿತು. 'ನಮಗೆ ಇಂಗ್ಲಿಷ್ ಬಾರದು, ಮಕ್ಕಳಿಗೆ ಏನು ಹೇಳಿಕೊಡಲಿ?' ಎಂಬ ಮಾತು ನಮ್ಮ ತಾಲೂಕುಗಳಲ್ಲೆಲ್ಲ ಕೇಳಿಬರುತ್ತದೆ. ನೀವು ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ಮಗು ಒಂದು ವಾಕ್ಯ ಓದಲಿ. ಅದರ ಅರ್ಥವನ್ನು ದಖನಿಯಲ್ಲೋ ಕನ್ನಡದಲ್ಲೋ ನಿಮಗೆ ಹೇಳಲಿ. ತಡವರಿಸಿದರೆ ಅದು ಅರ್ಥವಾಗಿಲ್ಲವೆಂದೇ ತಿಳಿಯಿರಿ, ಅಂಕಪಟ್ಟಿ ಏನೇ ಹೇಳಲಿ. ಹೆಣ್ಣುಮಕ್ಕಳ ಇಂಗ್ಲಿಷನ್ನು 'ಎಸ್ಸೆಸ್ಸೆಲ್ಸಿಗೆ ಸಾಕಾಗುವಷ್ಟು' ಎಂದು ಅಳೆಯುವ ತಂದೆಯರು, ನಾಳೆ ಮೊಮ್ಮಕ್ಕಳ ಔಷಧದ ಚೀಟಿಯ ಮೇಲಿನ 'ಬಿಫೋರ್', 'ಆಫ್ಟರ್'ಗಳನ್ನು ಓದುವವರು ಅವರೇ ಎಂಬುದನ್ನು ಮರೆಯಬಾರದು.

ಸಂತೆಯ ಬುಕ್‌ಸ್ಟಾಲಿನಲ್ಲಿ ಸಾವಿರ ಫ್ರೇಸಲ್ ವರ್ಬ್‌ಗಳ ಪುಸ್ತಕ ಕೊಳ್ಳಬೇಡಿ. ಪಟ್ಟಿ ಬಾಯಿಗೆ ಬಂದರೂ ಮಾತಿಗೆ ಬರುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ವಾರಕ್ಕೆ ಒಂದೇ ಕ್ರಿಯಾಪದ, ಅದರ ನಾಲ್ಕೈದು ರೂಪ, ಪ್ರತಿಯೊಂದಕ್ಕೂ ಮನೆಯ ಅಥವಾ ಊರಿನ ಸಂಗತಿಯಿಂದ ಪೂರ್ಣ ವಾಕ್ಯ. ಮೊದಲ ವಾರ 'ಪುಟ್' ಬರಲಿ: ಅಣ್ಣ ಅಂಗಿ 'ಪುಟ್ ಆನ್' ಮಾಡಿದ, ಅಮ್ಮ ಒಲೆ 'ಪುಟ್ ಔಟ್' ಮಾಡಿದಳು, ಮಳೆಯಿಂದ ಕುಷ್ಟಗಿಯ ಮದುವೆಯನ್ನು 'ಪುಟ್ ಆಫ್' ಮಾಡಿದರು. ವಾಕ್ಯಗಳು ಇಂಗ್ಲಿಷಿನಲ್ಲಿರಲಿ, ಕೆಳಗೆ ಅರ್ಥ ಮನೆಮಾತಿನಲ್ಲಿರಲಿ. ಎರಡನೆಯ ವಾರಕ್ಕೆ 'ಲುಕ್', ಮೂರನೆಯದಕ್ಕೆ 'ಟರ್ನ್'. ಜೊತೆಗೆ ಮನೆಗೆ ಬರುವ ಯಾವುದೇ ಇಂಗ್ಲಿಷ್ ಕಾಗದ, ಬ್ಯಾಂಕಿನದಿರಲಿ, ಆಸ್ಪತ್ರೆಯದಿರಲಿ, ಅದರ ಒಂದು ಸಾಲು ಆ ವಾರದ ಪುಟದಲ್ಲಿ ಸೇರಲಿ.