ಚಿಪ್ಪು, ಕಾಗದ, ಮರದ ಒಡವೆ

(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಒಡವೆ ಅಂದ ಕೂಡಲೇ ನಮಗೆ ನೆನಪಾಗೋದು ಚಿನ್ನ. ಸಂಘದವರಿಗೆ ಒಡವೆ ಸಾಲ. ನಾನು ಈಗ ಹೇಳಹೊರಟಿರುವುದು ಯಾವ ಸಂಘವೂ ಅಡವು ಹಿಡಿಯದ ಒಡವೆಗಳ ವಿಚಾರ. ನಗಬೇಡಿ. ಕಿವಿಯ ಓಲೆಗೆ ಆ ಹೆಸರು ಬಂದದ್ದೇ ತಾಳೆಯ ಓಲೆಯಿಂದ; ಗರಿಯನ್ನು ಸುರುಳಿ ಸುತ್ತಿ ಕಿವಿಗೆ ಇಡುತ್ತಿದ್ದರು. ಮುತ್ತೈದೆಯರ ಕರಿಮಣಿ, ಹಸಿರು ಬಳೆ ಗಾಜಿನವೇ ಅಲ್ಲವೇ?

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಹಾಲೆ ಮರದಲ್ಲೇ ಈಗ ಮಣಿಸರ, ಬಳೆ, ಜುಮುಕಿಗಳೂ ಆಗುತ್ತಿವೆ. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಗರಿ ಹಿಡಿದು ತಿಕ್ಕಿದರೆ ಹೊಳಪು. ಈ ಬೊಂಬೆಗಳಿಗೆ 2005-06ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆಯಿತು.

ಯಂತ್ರವಿಲ್ಲದೆಯೂ ಕೆಲಸ ಶುರುಮಾಡಬಹುದು. ಹಳೇ ಕ್ಯಾಲೆಂಡರ್ ಹಾಳೆಯನ್ನು ಉದ್ದ ತ್ರಿಕೋನವಾಗಿ ಕತ್ತರಿಸಿ, ಅಗಲದ ಕಡೆಯಿಂದ ಊದುಬತ್ತಿ ಕಡ್ಡಿಗೆ ಬಿಗಿಯಾಗಿ ಸುತ್ತಿ. ತುದಿಗೆ ಗೋಂದು ಹಚ್ಚಿ, ಕಡ್ಡಿ ಎಳೆದು, ವಾರ್ನಿಷ್ ಬಳಿಯಿರಿ. ನಡು ಉಬ್ಬಿದ ಚೆಂದದ ಮಣಿ ಸಿದ್ಧ. ತೆಂಗಿನ ಚಿಪ್ಪನ್ನು ಕೊಯ್ದು, ಉಪ್ಪುಕಾಗದದಲ್ಲಿ ತಿಕ್ಕಿ, ಎಣ್ಣೆ ಸವರಿದರೆ ಓಲೆಗೆ ಬಿಲ್ಲೆ ಆಯಿತು.

ಚಿನ್ನದಲ್ಲಿ ಆಟ ಆಡೋಕಾಗಲ್ಲ, ಸವಕಳಿಯ ಭಯ. ಇಲ್ಲಿ ಧಾರಾಳವಾಗಿ ಆಡಿ. ಒಂದು ಕಿವಿಗೆ ಗಿಳಿ, ಇನ್ನೊಂದಕ್ಕೆ ಸೀಬೆಹಣ್ಣು. ಸರದ ನಡುವೆ ಪುಟ್ಟ ಚಕ್ಕುಲಿ, ಗಾಡಿಯ ಚಕ್ರ! ನೋಡಿದವರು ನಕ್ಕು ಕೈಗೆತ್ತಿಕೊಂಡರೆ ಅರ್ಧ ವ್ಯಾಪಾರ ಆದಂತೆಯೇ.

ಒಂದು ಎಚ್ಚರಿಕೆ. ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಗುಲಗಂಜಿ ನೋಡಲು ಚೆಂದ, ಒಳಗೆ ಕಡುವಿಷ. ತೂತು ಕೊರೆದ ಬೀಜವನ್ನು ಮಗು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಅದನ್ನು ಖಂಡಿತ ಪೋಣಿಸಬೇಡಿ.

ಇನ್ನು ಮುಖ್ಯ ಮಾತು. ಚಿಪ್ಪು ಪುಕ್ಕಟೆ ಸಿಕ್ಕಿತೆಂದು ನಿಮ್ಮ ಕೂಲಿಯನ್ನೂ ಪುಕ್ಕಟೆ ಮಾಡಬೇಡಿ. ಚಿನ್ನದ ಬೆಲೆ ತೂಕದಲ್ಲಿದೆ, ಈ ಒಡವೆಯ ಬೆಲೆ ಪೂರ್ತಿ ಕೈಕೆಲಸದಲ್ಲಿದೆ. ಗೋಂದು, ದಾರ, ಕೊಕ್ಕೆಯ ಖರ್ಚಿನ ಜೊತೆಗೆ ಕೂತ ಗಂಟೆಗಳನ್ನೂ ಪುಸ್ತಕದಲ್ಲಿ ಬರೆದಿಟ್ಟು ದರ ಕಟ್ಟಿ. ಒಬ್ಬೊಬ್ಬರೇ ಹೋದರೆ ದಲ್ಲಾಳಿ ಹೇಳಿದ್ದೇ ರೇಟು. ಹತ್ತು ಮಂದಿ ಸೇರಿ ಒಂದೇ ದರ ಹೇಳಿದರೆ ಅದೇ ಸಹಕಾರ.

ಕಷ್ಟಕಾಲದಲ್ಲಿ ನಮ್ಮ ಚಿನ್ನ ಅಡವಿಗೆ ಹೋಗುತ್ತದೆ. ಈ ಚಿಪ್ಪಿನ ಓಲೆ, ಕಾಗದದ ಮಣಿಗಳ ದುಡಿಮೆ ಅದನ್ನು ಬಿಡಿಸಿ ಮನೆಗೆ ತರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ!