ಜನ ನಿಲ್ಲುವ ಜಾಗ

ನಮ್ಮ ಪ್ರಾಚೀನ ಲಾಕ್ಷಣಿಕರು ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಹೇಳುವಾಗ ನಗರವನ್ನೇ ಮೊದಲು ಹೆಸರಿಸಿದರು. ದಂಡಿಯ ಪಟ್ಟಿಯಲ್ಲಿ ಸಮುದ್ರ, ಪರ್ವತ, ಋತುಗಳು, ಚಂದ್ರೋದಯ, ಸೂರ್ಯೋದಯ ಎಲ್ಲವೂ ನಗರದ ಬೆನ್ನಹಿಂದೆ ಬರುತ್ತವೆ. ನಮ್ಮ ಚಂಪೂ ಕವಿಗಳೂ ಈ ಮರ್ಯಾದೆಯನ್ನು ಬಿಡಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕು ನಾನು ಈ ಪುರವರ್ಣನೆಗಳನ್ನು ತರಗತಿಯಲ್ಲಿ ಪಾಠ ಹೇಳಿದ್ದೇನೆ. ಮುಗಿಲು ಮುಟ್ಟುವ ಮಾಡಗಳು, ಕೋಟೆ, ಅಗಳು, ತಾವರೆಗೊಳ, ಉದ್ಯಾನ, ಅಂಗಡಿಬೀದಿ! ಆದರೆ ಆ ಅಂಗಡಿಬೀದಿ ಅಷ್ಟು ಅಗಲವಿರಬೇಕೆಂದು ಗೊತ್ತುಮಾಡಿದವನು ಯಾರು, ತಾವರೆಗೊಳದ ದಂಡೆಯಲ್ಲಿ ಯಾರೂ ಮನೆ ಕಟ್ಟಿಕೊಳ್ಳದಂತೆ ಕಾದವನು ಯಾರು ಎಂಬ ಪ್ರಶ್ನೆ ನನಗೆ ಒಮ್ಮೆಯೂ ಹೊಳೆಯಲಿಲ್ಲ. ಕವಿಯಂತೂ ಅವನ ಹೆಸರೆತ್ತುವುದಿಲ್ಲ.

ಆ ಹೆಸರಿಲ್ಲದ ಮನುಷ್ಯನೇ ಈ ಹೊತ್ತಿನ ನನ್ನ ಮಾತಿನ ವಸ್ತು. ಈಗ ಅವನನ್ನು ನಗರ ಯೋಜಕ ಎನ್ನುತ್ತೇವೆ. ನಾನು ಇಂಜಿನಿಯರನಲ್ಲ, ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆ ಒಂದೇ. ಒಮ್ಮೆ ಅಂಥ ಯೋಜಕರೊಬ್ಬರ ಜೊತೆ ನಾನು ಮೂರು ವರ್ಷ ಒಂದೇ ಮೇಜಿನ ಸುತ್ತ ಕುಳಿತಿದ್ದೆ. ಅವರೊಡನೆ ಜಗಳವಾಡಿದೆ, ಜಗಳದಲ್ಲಿ ಗೆದ್ದೆ. ಗೆದ್ದದ್ದು ತಪ್ಪಾಯಿತೆಂದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ಯೋಜಕನ ಕೆಲಸವೇನೆಂಬುದನ್ನು ಮೊದಲು ಹೇಳಬೇಕು. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. ಇದರ ಪ್ರಕಾರ ಊರಿನ ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಬೆಳವಣಿಗೆಯನ್ನು ಊಹಿಸಿ ಒಂದು ನಕ್ಷೆಯನ್ನು ಸಿದ್ಧಪಡಿಸಬೇಕು. ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು. ಮೊದಲು ಇದನ್ನು ಸಮಗ್ರ ಅಭಿವೃದ್ಧಿ ಯೋಜನೆ ಎನ್ನುತ್ತಿದ್ದರು, ಈಗ ಮಾಸ್ಟರ್ ಪ್ಲಾನ್ ಎನ್ನುತ್ತಾರೆ. ನಕ್ಷೆಯಲ್ಲಿ ವಾಸದ ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಾನಕ್ಕೂ ಬಯಲಿಗೂ ಹಸಿರು. ಅದನ್ನು ಬಿಡಿಸುವವನು ಎರಡೋ ಮೂರೋ ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ತಾನು ಬಳಿದ ಹಸಿರು ನಿಜವಾಗಿ ಹಸಿರಾಯಿತೋ, ಯಾರದೋ ಕೈಚಳಕದಿಂದ ಹಳದಿಯಾಯಿತೋ ನೋಡುವ ಭಾಗ್ಯ ಅವನಿಗಿರುವುದಿಲ್ಲ. 1898ರ ಪ್ಲೇಗಿನ ಹಾವಳಿಯ ಕಾಲದಲ್ಲಿ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1903ರಲ್ಲಿ ಮೈಸೂರಿನ ನಗರ ಸುಧಾರಣೆಗೆಂದೇ ಟ್ರಸ್ಟ್ ಬೋರ್ಡು ಹುಟ್ಟಿತು. ಆ ಬೀದಿಗಳ ಗೆರೆ ಎಳೆದವರಲ್ಲಿ ಎಷ್ಟು ಮಂದಿ ಅಲ್ಲಿನ ಮರಗಳ ನೆರಳಿನಲ್ಲಿ ನಡೆದಾಡಿದರೋ! ನೆರಳು ನಮ್ಮ ಪಾಲಿಗೆ ಬಂತು.

ಈಗ ನನ್ನ ಕಥೆ. 1998ರಲ್ಲಿ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಊರಿನ ಹೆಸರು ಬೇಡ. ಅಲ್ಲಿನ ಕವಿಯೊಬ್ಬರ ಕಂಚಿನ ಪುತ್ಥಳಿಯನ್ನು ಸ್ಥಾಪಿಸಬೇಕೆಂದು ಸಾಹಿತ್ಯಾಸಕ್ತರೆಲ್ಲ ಸೇರಿ ಸಮಿತಿ ಮಾಡಿದೆವು; ನಾನು ಅದರ ಕಾರ್ಯದರ್ಶಿಯಾದೆ. ಮನೆಮನೆಗೆ ಹೋಗಿ ಚಂದಾ ಎತ್ತಿದೆವು. ನನ್ನ ವಿದ್ಯಾರ್ಥಿಗಳು ಭಾನುವಾರದ ಸಂತೆಯಲ್ಲಿ ಡಬ್ಬಿ ಹಿಡಿದು ನಿಂತರು. ಸೊಪ್ಪು ಮಾರುವ ಹೆಂಗಸೊಬ್ಬಳು ಒಂದು ರೂಪಾಯಿ ಹಾಕಿ, “ನಮ್ಮೂರೋರಂತೆ, ಹಾಕದಿದ್ರೆ ಆಯ್ತದಾ?” ಎಂದಳಂತೆ. ಈ ಮಾತನ್ನು ನಾನು ಆಮೇಲೆ ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಪುತ್ಥಳಿಗೆ ಜಾಗ ಗೊತ್ತುಮಾಡುವುದಕ್ಕೆ ನಗರಸಭೆ ಒಂದು ಸಲಹಾ ಸಮಿತಿ ಮಾಡಿತ್ತು. ನಾನು ಅದರಲ್ಲಿ ಸದಸ್ಯ, ಆಗ ಊರಿನ ಯೋಜನೆಯನ್ನು ಪರಿಷ್ಕರಿಸುತ್ತಿದ್ದ ಯೋಜಕರೂ ಸದಸ್ಯರು. ಐವತ್ತರ ಆಸುಪಾಸಿನ ಮಿತಭಾಷಿ. ಕೈಯಲ್ಲಿ ಯಾವಾಗಲೂ ಸುತ್ತಿದ ಟ್ರೇಸಿಂಗ್ ಕಾಗದ. ನಮ್ಮೆಲ್ಲರ ಒತ್ತಾಯ ಬಸ್ ನಿಲ್ದಾಣದ ಮುಂದಿನ ವೃತ್ತವೇ ಆಗಬೇಕೆಂದು. ಊರಿಗೆ ಬಂದಿಳಿದವರ ಕಣ್ಣಿಗೆ ಮೊದಲು ಕವಿ ಬೀಳಬೇಡವೇ? ಅಲ್ಲೊಂದು ಅರಳಿಕಟ್ಟೆಯಿತ್ತು. ಹಳ್ಳಿಗೆ ಹೋಗುವ ಬಸ್ಸಿಗೆ ಕಾಯುವವರು ಅಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು, ಕಡಲೆಕಾಯಿ ತಿನ್ನುತ್ತಿದ್ದರು. ಅದನ್ನು ತೆಗೆದುಬಿಟ್ಟರೆ ಪೀಠಕ್ಕೆ ಜಾಗವಾಗುತ್ತಿತ್ತು.

ಯೋಜಕರು ತಮ್ಮ ಕಾಗದವನ್ನು ಬಿಚ್ಚಿ ಹರಡಿದರು. ಹತ್ತು ವರ್ಷದಲ್ಲಿ ಈ ವೃತ್ತದ ಮೇಲೆ ಎಷ್ಟು ವಾಹನ ಬೀಳುತ್ತದೆ, ರಸ್ತೆ ಎಷ್ಟು ಅಗಲವಾಗಬೇಕಾಗುತ್ತದೆ ಎಂದು ವಿವರಿಸಿದರು. ಪುತ್ಥಳಿಯನ್ನು ಕೆರೆಯ ಏರಿಯ ಕೆಳಗಿನ ಬಯಲಿನಲ್ಲಿ ಇಡೋಣ, ಆ ಬಯಲನ್ನು ಹಸಿರು ಬಳಿದು ಕಾದಿರಿಸುತ್ತಿದ್ದೇನೆ ಎಂದರು. ಕೆರೆ ಆಗ ಊರಿನ ಹೊರಗೆ. ಅಲ್ಲಿಗೆ ಹೋಗುತ್ತಿದ್ದವರು ದನ ಮೇಯಿಸುವವರು ಮಾತ್ರ. ನಮಗೆ ರೇಗಿಹೋಯಿತು. ಕವಿಯನ್ನು ಊರಾಚೆ ಕಳಿಸುವುದೇ? ಆಗ ಅವರು ನನ್ನ ಕಡೆ ತಿರುಗಿ ಕೇಳಿದರು: “ಮೇಷ್ಟ್ರೇ, ಆ ವೃತ್ತದಲ್ಲಿ ನಿಮ್ಮ ಕವಿಗಳನ್ನು ನೋಡುವುದಕ್ಕೆ ಜನ ಎಲ್ಲಿ ನಿಲ್ಲುತ್ತಾರೆ?”

ನಾನು ಉತ್ತರ ಕೊಡಲಿಲ್ಲ, ಭಾಷಣ ಮಾಡಿದೆ. ಕಾವ್ಯವನ್ನು ಲಾರಿಗಳ ಲೆಕ್ಕದಿಂದ ಅಳೆಯುವ ಅಧಿಕಾರಿಗಳ ಶುಷ್ಕತೆಯನ್ನು ಕುರಿತು ಹದಿನೈದು ನಿಮಿಷ ಮಾತನಾಡಿದೆ. ಅವರು ಕಾಗದವನ್ನು ಸುತ್ತಿಟ್ಟರು. ಕಟ್ಟೆ ಹೋಯಿತು, ಅರಳಿಮರವೂ ಹೋಯಿತು, 1999ರಲ್ಲಿ ಪುತ್ಥಳಿಯ ಅನಾವರಣವಾಯಿತು. ಆ ದಿನ ರಸ್ತೆಯನ್ನು ಎರಡೂ ಕಡೆ ಮುಚ್ಚಿದ್ದರಿಂದ ಜನ ನಿಂತು ನೋಡಿದರು. ಮಾರನೆಯ ದಿನದಿಂದ ಯಾರೂ ನಿಲ್ಲಲಿಲ್ಲ. ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ. ವರ್ಷಕ್ಕೊಮ್ಮೆ ಜಯಂತಿಯ ದಿನ ನಾವು ನಾಲ್ಕಾರು ಮಂದಿ ಪೊಲೀಸರ ನೆರವಿನಿಂದ ರಸ್ತೆ ದಾಟಿ ಹಾರ ಹಾಕಿ ಬರುತ್ತಿದ್ದೆವು. 2011ರಲ್ಲಿ ರಸ್ತೆ ಅಗಲವಾಯಿತು. ಒಂದು ರಾತ್ರಿ ಕ್ರೇನ್ ಬಂದು ಕವಿಯನ್ನು ಎತ್ತಿಕೊಂಡು ಹೋಯಿತು. ಬೆಳಿಗ್ಗೆ ನೋಡಲು ಹೋದಾಗ ಅವರು ಉಗ್ರಾಣದ ಹಿತ್ತಲಿನಲ್ಲಿ, ಕೆಟ್ಟ ಬೀದಿದೀಪಗಳ ರಾಶಿಯ ಪಕ್ಕದಲ್ಲಿ, ಗೋಣಿಚೀಲ ಹೊದ್ದು ಮಲಗಿದ್ದರು. ಊರಿನಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ನನಗೆ ದುಃಖವಾದದ್ದು ಅದಕ್ಕೆ. ಆ ಸೊಪ್ಪಿನ ಹೆಂಗಸಿನ ಒಂದು ರೂಪಾಯಿಗೆ ನಾನು ಲೆಕ್ಕ ಕೊಡಬೇಕಾಗಿತ್ತು.

ಆಮೇಲೆ ಪ್ರಾಯಶ್ಚಿತ್ತವೆಂಬಂತೆ ನಗರ ಯೋಜನೆಯ ಪುಸ್ತಕಗಳನ್ನು ಓದತೊಡಗಿದೆ. ಆಗ ಪರಿಚಯವಾದವರು ಪ್ಯಾಟ್ರಿಕ್ ಗೆಡ್ಡೆಸ್. ಸ್ಕಾಟ್‌ಲೆಂಡಿನ ಈ ಜೀವವಿಜ್ಞಾನಿ 1914ರಲ್ಲಿ ನಗರಗಳ ಪ್ರದರ್ಶನವೊಂದನ್ನು ಹೊತ್ತು ಮದರಾಸಿಗೆ ಹೊರಟರು. ಪ್ರದರ್ಶನದ ಸಾಮಗ್ರಿಯಿದ್ದ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಅವರು ಎದೆಗುಂದದೆ ಮತ್ತೆ ಸಾಮಗ್ರಿ ತರಿಸಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು. ಆಗ ಮದರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಯೂ ಸೇರಿದಂತೆ ಹಲವು ಊರುಗಳನ್ನು ಅಲೆದು ವರದಿ ಬರೆದರು. ಗೆರೆ ಎಳೆಯುವ ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು, ವೈದ್ಯನು ನಾಡಿ ಹಿಡಿಯುವಂತೆ ಅದರ ಬದುಕನ್ನು ತಿಳಿಯಬೇಕು, ಕೆಡವುವುದು ತೀರ ಅನಿವಾರ್ಯವಾದಾಗ ಮಾತ್ರ ಎಂಬುದು ಅವರ ಸಿದ್ಧಾಂತ. ಮಲೇರಿಯಾಕ್ಕೆ ಹೆದರಿ ಕೆರೆಗಳನ್ನು ಮುಚ್ಚಲು ಹೊರಟವರಿಗೆ, ಕೆರೆಯಲ್ಲಿ ಮೀನು ಬಿಡಿ, ಬಾತುಕೋಳಿ ಸಾಕಿ, ನೀರನ್ನು ಉಳಿಸಿಕೊಳ್ಳಿ ಎಂದವರು ಅವರು.

ಇಂದೋರಿನಲ್ಲಿ ಅವರು ನಡೆಸಿದ ಒಂದು ಉತ್ಸವದ ಕಥೆ ನನಗೆ ಬಹಳ ಪ್ರಿಯವಾದದ್ದು. 1917ರ ಸುಮಾರು. ಊರಿನಲ್ಲಿ ಪ್ಲೇಗು, ಅಳತೆಯ ಸರಪಳಿ ಹಿಡಿದು ಬಂದ ಬಿಳಿಯನನ್ನು ಕಂಡರೆ ಜನಕ್ಕೆ ಮನೆ ಕೆಡವುತ್ತಾನೆಂಬ ಭಯ. ಗೆಡ್ಡೆಸರು, ಒಂದು ದಿನದ ಮಟ್ಟಿಗೆ ನನ್ನನ್ನು ಮಹಾರಾಜನನ್ನಾಗಿ ಮಾಡಿ ಎಂದು ಅಧಿಕಾರಿಗಳನ್ನು ಕೇಳಿಕೊಂಡರಂತೆ. ದೀಪಾವಳಿಯ ಮೆರವಣಿಗೆ ಈ ಸಲ ಹಳೆಯ ಹಾದಿಯಲ್ಲಿ ಹೋಗುವುದಿಲ್ಲ, ಮನೆಗಳನ್ನು ಚೊಕ್ಕಟಮಾಡಿ ಸುಣ್ಣಬಣ್ಣ ಬಳಿದ ಬೀದಿಗಳಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರೆಲ್ಲ ಪೊರಕೆ ಹಿಡಿಯಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಕೊಳಕಿನ ರೂಪವಾದ ರಾವಣನಂಥ ದೈತ್ಯ ಬಂದ, ಪ್ಲೇಗಿನ ದೊಡ್ಡ ಇಲಿ ಬಂತು. ಅವುಗಳ ಹಿಂದೆ ಅಚ್ಚ ಬಿಳಿಯ ಉಡುಪಿನಲ್ಲಿ, ಹಾರ ಹಾಕಿಸಿಕೊಂಡು, ಹೊಸ ಪೊರಕೆ ಹಿಡಿದು ಊರಿನ ಜಾಡಮಾಲಿಗಳು ನಡೆದರು. ಅವರ ಹಿಂದೆ ಊರಿನ ಹೊಸ ನಕ್ಷೆ. ಮನೆಗಳಿಗೆ ತುಳಸಿಯ ಸಸಿಗಳನ್ನು ಹಂಚಲಾಯಿತು. ಕೊನೆಗೆ ದೈತ್ಯನನ್ನೂ ಇಲಿಯನ್ನೂ ಸುಟ್ಟರು. ಇಂದೋರಿನ ಯೋಜನೆಯ ಎರಡು ಸಂಪುಟಗಳ ವರದಿ ಅಚ್ಚಾದದ್ದು 1918ರಲ್ಲಿ. ಅದರ ತಿರುಳನ್ನು ಜನ ಅದಕ್ಕೆ ಮೊದಲೇ ಬೀದಿಯಲ್ಲಿ ನಿಂತು ಓದಿಬಿಟ್ಟಿದ್ದರು.

ಇದರಲ್ಲಿ ನಮಗೆ ಅಪರಿಚಿತವಾದದ್ದೇನಿದೆ? ನಮ್ಮ ದೇವಸ್ಥಾನದ ಊರುಗಳಲ್ಲಿ ರಥಬೀದಿ ಇದೆ. ತೇರು ನಮ್ಮ ಮರಗೆಲಸದವರ, ಹೂವಿನವರ, ವಾದ್ಯದವರ ಕಲೆಯ ಮೊತ್ತ. ಅದು ಬೀದಿಗೆ ಬರುವುದು ವರ್ಷಕ್ಕೊಂದು ದಿನ. ಆ ಒಂದು ದಿನಕ್ಕಾಗಿ ಬೀದಿಯ ಅಗಲವನ್ನು ನೂರಾರು ವರ್ಷ ಕಾದುಕೊಂಡು ಬಂದರು. ಜಗಲಿಯನ್ನು ಮುಂದಕ್ಕೆ ಚಾಚಿದವನಿಗೆ, ತೇರು ತಿರುಗುವುದು ಹೇಗಯ್ಯಾ ಎಂದು ಊರೇ ಕೇಳುತ್ತಿತ್ತು. ತೇರನ್ನು ನೋಡಲು ಜನ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ನಮ್ಮ ಹಿರಿಯರು ಮೊದಲು ಯೋಚಿಸಿದ್ದರು. ನಾನು ಕನ್ನಡದ ಮೇಷ್ಟ್ರಾಗಿ ಅದನ್ನು ಮರೆತೆ.

ಇನ್ನೊಂದು ಉದಾಹರಣೆ ಚಂಡೀಗಢದ್ದು. ಆ ನಗರವನ್ನು ರೂಪಿಸಿದ ಲೆ ಕಾರ್ಬುಸಿಯೆ ಅಲ್ಲೊಂದು ‘ತೆರೆದ ಹಸ್ತ’ದ ಶಿಲ್ಪವನ್ನು ಕಲ್ಪಿಸಿದ್ದರು. ಅವರು 1965ರಲ್ಲಿ ತೀರಿಕೊಂಡರು; ಶಿಲ್ಪ ಎದ್ದು ನಿಂತದ್ದು 1985ರಲ್ಲಿ. ಇಪ್ಪತ್ತು ವರ್ಷ ಕಲಾವಿದನಿಲ್ಲದೆ ಆ ಜಾಗ ಕಾದಿತ್ತು. ಅದೇ ನಗರದಲ್ಲಿ ನೇಕ್ ಚಂದ್ ಎಂಬ ರಸ್ತೆ ಇನ್ಸ್‌ಪೆಕ್ಟರು 1950ರ ದಶಕದ ಕೊನೆಯಿಂದ, ಯಾರೂ ಏನೂ ಕಟ್ಟಬಾರದೆಂದು ಯೋಜಕರು ಬಿಟ್ಟಿದ್ದ ಕಾಡಿನಲ್ಲಿ, ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲುಗಳಿಂದ ಗುಟ್ಟಾಗಿ ಒಂದು ಲೋಕವನ್ನೇ ಸೃಷ್ಟಿಸಿದರು. 1970ರ ದಶಕದಲ್ಲಿ ಅದು ಅಧಿಕಾರಿಗಳ ಕಣ್ಣಿಗೆ ಬಿತ್ತು. ಕಾನೂನಿನ ಪ್ರಕಾರ ಕೆಡವಬೇಕಾಗಿತ್ತು, ಕೆಡವಲಿಲ್ಲ. 1976ರಲ್ಲಿ ಅದನ್ನೇ ಸಾರ್ವಜನಿಕರಿಗೆ ತೆರೆದರು, ಅವರನ್ನೇ ಅದರ ಮೇಲ್ವಿಚಾರಕರನ್ನಾಗಿ ಮಾಡಿದರು. ಒಂದು ಶಿಲ್ಪ ನಕ್ಷೆಯಲ್ಲಿದ್ದು ಬಂತು, ಇನ್ನೊಂದು ನಕ್ಷೆಯನ್ನು ಮೀರಿ ಬಂತು. ಎರಡಕ್ಕೂ ಆಸರೆಯಾದದ್ದು ಯೋಜಕರು ಖಾಲಿ ಬಿಟ್ಟ ನೆಲ. ಊರಿನ ಕಲೆಗೆ ಯೋಜಕ ಸಲ್ಲಿಸುವ ಮೊದಲ ಸೇವೆ ಈ ಖಾಲಿ ನೆಲವನ್ನು ಕಾಯುವುದೇ ಎಂದು ನನಗೆ ಮನವರಿಕೆಯಾಗಿದೆ. ಕಲಾವಿದ ಇಂದಲ್ಲ ನಾಳೆ ಬರುತ್ತಾನೆ. ಹೋದ ನೆಲ ಬರುವುದಿಲ್ಲ.

2013ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗಳನ್ನು ನಿಲ್ಲಿಸಲು ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಆದೇಶಿಸಿತು. ಆದೇಶ ಯುಕ್ತವೇ. ಆದರೆ ಎಲ್ಲಿ ನಿಲ್ಲಿಸಬಾರದೆಂಬುದನ್ನು ನ್ಯಾಯಾಲಯ ಹೇಳಬಹುದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಊರೇ ಯೋಚಿಸಬೇಕು. ಮಾಸ್ಟರ್ ಪ್ಲಾನಿನ ಕರಡನ್ನು ಸಾರ್ವಜನಿಕರ ಆಕ್ಷೇಪಣೆಗೆಂದು ಪ್ರಕಟಿಸುತ್ತಾರೆ. ಅದನ್ನು ನೋಡಲು ನಿವೇಶನದವರು ಹೋಗುತ್ತಾರೆ, ಅಂಗಡಿಯವರು ಹೋಗುತ್ತಾರೆ. ಸಾಹಿತ್ಯಾಸಕ್ತರು ಹೋದದ್ದನ್ನು ನಾನು ಕಂಡಿಲ್ಲ, ನಾನೂ ಹೋಗಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮದುವೆಯ ಊಟದ ಸಾಲಿನಲ್ಲಿ ಆ ಯೋಜಕರು ಸಿಕ್ಕರು. ನಿವೃತ್ತರಾಗಿ ಬಹಳ ಕಾಲವಾಗಿತ್ತು, ಕಿವಿ ಮಂದವಾಗಿತ್ತು. ಎಲೆಯ ಮುಂದೆ ಕುಳಿತೇ ಅವರಿಗೆ ಪುತ್ಥಳಿಯ ಗತಿಯನ್ನು ಹೇಳಿ, ತಪ್ಪು ನನ್ನದು ಎಂದೆ. “ನಾನು ಅಂದೇ ಹೇಳಿದ್ದೆ” ಎಂಬ ಮಾತನ್ನು ನಿರೀಕ್ಷಿಸಿದ್ದೆ. ಅವರು ಕೇಳಿದ್ದು ಬೇರೆ: “ಕೆರೆ ಕೆಳಗಿನ ಆ ಬಯಲು ಉಳಿದಿದೆಯೇ ಮೇಷ್ಟ್ರೇ?”

ಉಳಿದಿದೆ. ಊರು ಬೆಳೆದು ಕೆರೆಯನ್ನು ಸುತ್ತುವರಿದಿದೆ. ಸುತ್ತಲ ನಿವೇಶನಗಳ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೂ ಆ ಎರಡು ಎಕರೆ ಹಸಿರು, ಎರಡು ಬಾರಿ ಒತ್ತುವರಿಯ ಬಾಯಿಗೆ ಬಿದ್ದೂ, ಹಳೆಯ ನಕ್ಷೆಯ ಬಲದಿಂದ ಪಾರಾಗಿ ಬಂದಿದೆ. ಸಂಜೆ ಅಲ್ಲಿ ಮುದುಕರು ನಡೆದಾಡುತ್ತಾರೆ. ಏರಿಯ ಮೆಟ್ಟಿಲುಗಳ ಮೇಲೆ ಕಾಲೇಜಿನ ಹುಡುಗರು ನಾಟಕದ ತಾಲೀಮು ಮಾಡುತ್ತಾರೆ. ಇದನ್ನೆಲ್ಲ ಹೇಳಿದೆ. ಅವರಿಗೆ ಎಷ್ಟು ಕೇಳಿಸಿತೋ ತಿಳಿಯದು. ಪಾಯಸ ಬಡಿಸಲು ಬಂದವರಿಗೆ ಎರಡನೆಯ ಸಲವೂ ಬೇಡವೆನ್ನಲಿಲ್ಲ.

ಊರಿಗೆ ಹಿಂದಿರುಗಿದವನು ಒಂದು ಅರ್ಜಿ ಬರೆದೆ. ಉಗ್ರಾಣದಲ್ಲಿರುವ ಪುತ್ಥಳಿಯನ್ನು ಕೆರೆಯ ಬಯಲಿಗೆ ತರಬೇಕೆಂದು. ಎತ್ತರದ ಪೀಠ ಬೇಡ. ಮಕ್ಕಳ ಕೈಗೆ ಎಟುಕುವಂತಿರಲಿ, ಸುತ್ತ ಕೂರುವುದಕ್ಕೊಂದು ಕಟ್ಟೆಯಿರಲಿ, ಪಕ್ಕದಲ್ಲೊಂದು ಅರಳಿಯ ಸಸಿ ನೆಡಲಿ ಎಂದು ಕೇಳಿದ್ದೇನೆ. ಕಡತ ಚಲಿಸುತ್ತಿದೆಯೆಂದು ಹೇಳುತ್ತಾರೆ. ಸಸಿಯನ್ನು ಮಾತ್ರ ನಾನು ಕಾಯಲಿಲ್ಲ, ನೆಟ್ಟುಬಿಟ್ಟಿದ್ದೇನೆ. ಅದು ನೆರಳು ಕೊಡುವ ಕಾಲಕ್ಕೆ ನಾನಿರುವುದಿಲ್ಲ. ಈ ಅರವತ್ತಾರನೆಯ ವಯಸ್ಸಿನಲ್ಲಿ, ನಗರ ಯೋಜಕನ ಕೆಲಸವೇನೆಂಬುದು ನನಗೆ ಅಷ್ಟರಮಟ್ಟಿಗೆ ಅರ್ಥವಾಗಿದೆ.